ನಾಲ್ಕನೇ ಹೆಲ್ಮೆಟ್

ಇಲ್ಲದ ಮನುಷ್ಯನ ತಲೆಗೆ ನೀವು ಯಾವತ್ತಾದರೂ ಹೆಲ್ಮೆಟ್ ತೆಗೆದುಕೊಂಡಿದ್ದೀರಾ?

ನಾವು ತೆಗೆದುಕೊಂಡೆವು. ಕೆಂಪು ಬಣ್ಣ, ದೊಡ್ಡ ಸೈಜು. ಬಾಲಿ ದ್ವೀಪದ ಒಂದು ಕಾಡಿನಂಚಿನಲ್ಲಿ, ಹೋದ ತಿಂಗಳು, ಬೆಳಗಿನ ಹತ್ತು ಗಂಟೆಗೆ. ಅರ್ಧ ದಿನ ನಾಲ್ಕು ಗಾಲಿಯ ಕ್ವಾಡ್ ಬೈಕ್, ಇನ್ನರ್ಧ ದಿನ ಜಿಪ್‌ಲೈನ್ ಎಂಬ ಪ್ಯಾಕೇಜು. ಕೌಂಟರಿನಲ್ಲಿದ್ದ ಹೆಣ್ಣುಮಗಳು ನಗುತ್ತ ಎಷ್ಟು ಜನ ಎಂದು ಕೇಳಿದಳು. ನಮ್ಮ ಮನೆಯವರು (ನಿಪ್ಪಾಣಿಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಾರೆ, ಇದು ನಿಮ್ಮ ಗಮನದಲ್ಲಿರಲಿ) ಹಿಂದೆ ಮುಂದೆ ನೋಡದೆ "ಫೋರ್" ಎಂದರು.

ನಾವಿದ್ದದ್ದು ಮೂರೇ ಜನ.

ತಪ್ಪು ಅವರದಲ್ಲ, ಅವರ ತಾಯಿಯದು. ನಮ್ಮ ಕಡೆ ಮೂರು ಮಂದಿ ಕೂಡಿ ಹೊರಡುವುದಿಲ್ಲ. ಹೆಣ್ಣು ನೋಡುವುದಕ್ಕಿರಲಿ, ಹೊಲದ ಖರೀದಿಗಿರಲಿ, ಮಂಗಸೂಳಿ ಮಲ್ಲಯ್ಯನ ದರ್ಶನಕ್ಕೇ ಇರಲಿ. ಹೊರಡಲೇಬೇಕೆಂದರೆ ಅಂಗಳದಿಂದ ಒಂದು ಕಲ್ಲು ಎತ್ತಿ ಜೊತೆಗಿಟ್ಟುಕೊಳ್ಳಬೇಕು. ಆ ಕಲ್ಲೇ ನಾಲ್ಕನೆಯವರು. ವಾಪಸು ಬಂದ ಮೇಲೆ ಅದನ್ನು ಎತ್ತಿದ ಜಾಗದಲ್ಲೇ ಇಡಬೇಕು. ನೀವೂ ಮಾಡಿರುತ್ತೀರಿ, ಯಾರಿಗೂ ಹೇಳಿರುವುದಿಲ್ಲ ಅಷ್ಟೆ.

ಹೊರಡುವ ದಿನ ಬೇಡಕಿಹಾಳದ ಮನೆಯ ಬಾಗಿಲಲ್ಲಿ ಅತ್ತೆ ಅಡ್ಡ ನಿಂತರು. ಕೈಯಲ್ಲಿ ನಿಂಬೆಹಣ್ಣಿನ ಗಾತ್ರದ ಕರಿಕಲ್ಲು.

"ವಿಮಾನಾದ್ರೇನ, ಚಕ್ಕಡಿಯಾದ್ರೇನ, ಮೂರಂದ್ರ ಮೂರ. ಇದನ್ನ ಇಟ್ಕೊಳ್ರಿ. ಎಷ್ಟ ಮಂದಿ ಬಂದೀರಿ ಅಂತ ಯಾರರ ಕೇಳಿದ್ರ ನಾಕ ಅನ್ರಿ. ಮೂರ ಅಂದ್ರೋ, ಕಲ್ಲ ಇಟ್ಕೊಂಡೂ ಉಪಯೋಗಿಲ್ಲ."

ನಮ್ಮ ಮನೆಯವರು ನಕ್ಕರು. ನಾನೂ ನಕ್ಕೆ. ಕಲ್ಲನ್ನು ಕೈಚಾಚಿ ಇಸಿದುಕೊಂಡವರು ಶೋಭಕ್ಕ. ಸೊಂಟಕ್ಕೆ ಕಟ್ಟಿಕೊಂಡಿದ್ದ ಪುಟ್ಟ ಬ್ಯಾಗಿನಲ್ಲಿ, ಪಾಸ್‌ಪೋರ್ಟಿನ ಪಕ್ಕ ಇಟ್ಟು ಜಿಪ್ ಎಳೆದರು. ಅವರು ನಗಲಿಲ್ಲ.

ಶೋಭಕ್ಕ ನಮ್ಮ ಮನೆಯವರ ಅಕ್ಕ. ಅವರ ಗಂಡ ಮಾರುತಿ ನಿಪ್ಪಾಣಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವರು. ಗಡಿಯ ಜನ ನಾವು, ಅಕ್ಕನ ಗಂಡನಿಗೆ ದಾಜಿ ಎನ್ನುತ್ತೇವೆ. ನನಗೂ ಅವರು ದಾಜಿಯೇ. ಬಾಲಿಯ ಈ ಹುಚ್ಚು ಹಚ್ಚಿದ್ದು ದಾಜಿ. ಮೊಬೈಲಿನಲ್ಲಿ ಜಿಪ್‌ಲೈನ್ ವಿಡಿಯೋ ಹಚ್ಚಿ, ಅಂಗಡಿಗೆ ಬೇರಿಂಗ್ ಒಯ್ಯಲು ಬಂದವರಿಗೂ ತೋರಿಸುತ್ತಿದ್ದರು.

"ಹೆಸರ ಮಾರುತಿ ಅಂತ ಇಟ್ಕೊಂಡ ಐವತ್ತೆರಡ ವರ್ಷ ನೆಲದ ಮ್ಯಾಲೇ ಅಡ್ಡಾಡೇನಿ. ಒಂದ ಸಲರ ಹಾರಬೇಕಲ್ಲ?"

ನಾಲ್ಕು ಜನಕ್ಕೆ ಬುಕ್ ಮಾಡಿದವರೂ ಅವರೇ. ಆಮೇಲೆ ಒಂದು ಮಧ್ಯಾಹ್ನ ಅಂಗಡಿಯ ರ‍್ಯಾಕಿನಿಂದ ಡಬ್ಬಿ ಇಳಿಸುತ್ತಿದ್ದವರು ಹಾಗೇ ಕೆಳಗೆ ಕುಳಿತರು. ಏಳಲಿಲ್ಲ. ಬಾಲಿಗೆ ಹೊರಡುವ ಎಂಟು ತಿಂಗಳ ಮೊದಲಿನ ಮಾತಿದು. ಶೋಭಕ್ಕ ತವರಿಗೆ ಬಂದರು. ಒಂದು ಟಿಕೆಟ್ ರದ್ದಾಯಿತು. ಉಳಿದವನ್ನೂ ರದ್ದು ಮಾಡೋಣ ಎಂದು ನಾವು ಗುಸುಗುಸು ಮಾಡುತ್ತಿದ್ದಾಗ ಶೋಭಕ್ಕ ಅಡುಗೆಮನೆಯಿಂದಲೇ "ಹೋಗೂನು" ಎಂದರು.

ಇಷ್ಟು ತಿಳಿದ ಮೇಲೆ ಮತ್ತೆ ಕೌಂಟರಿಗೆ ಬನ್ನಿ.

ಫೋರ್ ಎಂದದ್ದಕ್ಕೆ ನಾಲ್ಕು ಹೆಲ್ಮೆಟ್ ಬಂದವು. ನಾಲ್ಕು ಫಾರ್ಮ್ ಬಂದವು. ಏನಾದರೂ ಆದರೆ ನಾವೇ ಜವಾಬ್ದಾರರು ಎಂದು ಬರೆದುಕೊಡುವ ಫಾರ್ಮು. ನಾಲಿಗೆ ಜಾರಿದ್ದು ನಮ್ಮ ಮನೆಯವರಿಗೆ ಆಗ ಹೊಳೆಯಿತು. "ಸಾರಿ" ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಶೋಭಕ್ಕ ಎರಡು ಫಾರ್ಮ್ ಎಳೆದುಕೊಂಡು ಬೆಂಚಿನ ಮೇಲೆ ಕುಳಿತಿದ್ದರು.

ಮೊದಲು ತಮ್ಮದು ತುಂಬಿದರು. ಆಮೇಲೆ ಇನ್ನೊಂದು. ನಾನು ಪಕ್ಕದಲ್ಲೇ ಇದ್ದೆ. ಹೆಸರು: ಮಾರುತಿ. ವಯಸ್ಸು: ಐವತ್ತೆರಡು. ತೂಕ: ಎಪ್ಪತ್ತೆಂಟು ಕೆಜಿ. ಗಂಡನ ಹೆಸರನ್ನು ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ಮತ್ತೆಂದೂ ಬಾಯಿಂದ ತೆಗೆಯದ ಹೆಂಗಸು ಅದನ್ನು ದುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಕೆಳಗೊಂದು ಪ್ರಶ್ನೆಯಿತ್ತು. ನಿಮಗೆ ಹೃದಯದ ತೊಂದರೆ ಇದೆಯೇ? ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ "ಇಲ್ಲ" ಎಂಬಲ್ಲಿ ಗುರುತು ಹಾಕಿದರು.

 ತಡೆಯಬೇಕಿತ್ತಲ್ಲವೇ? ತಡೆಯಲಿಲ್ಲ. ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಸುಮ್ಮನಿರುವುದು, ಸುಮ್ಮನಿರಿಸುವುದು ಎರಡೂ ನನ್ನ ನೌಕರಿ.

ಕ್ವಾಡ್ ಬೈಕುಗಳು ಸಾಲಾಗಿ ಹೊರಟವು. ಮುಂದೆ ಗೈಡು, ಹಿಂದೆ ಹತ್ತಾರು ವಿದೇಶಿಗಳು, ಕೊನೆಗೆ ನಾವು. ಒಂದರ ಮೇಲೆ ನಾವಿಬ್ಬರು. ಇನ್ನೊಂದನ್ನು ಶೋಭಕ್ಕ ಒಬ್ಬರೇ ಓಡಿಸಿದರು. ಬೇಡಕಿಹಾಳದ ಕಬ್ಬಿನ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿ ಬೆಳೆದ ಹೆಂಗಸು, ಕೆಸರು ಅವರಿಗೆ ಯಾವ ಲೆಕ್ಕ? ನಮ್ಮ ಬೈಕು ಎರಡು ಸಲ ಹೂತು ನಿಂತಿತು. ಅವರದು ಒಮ್ಮೆಯೂ ನಿಲ್ಲಲಿಲ್ಲ.

ದಾರಿಯಲ್ಲಿ ಒಂದು ಸುರಂಗ ಬಂತು. ಒಳಗೆ ಮೊಣಕಾಲುದ್ದ ನೀರು, ಕತ್ತಲೆ. ಶೋಭಕ್ಕ ಬರುತ್ತಿದ್ದಾರೋ ಇಲ್ಲವೋ ಎಂದು ತಿರುಗಿ ನೋಡಿದೆ. ಬಂದ ಬಾಗಿಲಿನ ಬೆಳಕಿಗೆ ಅವರ ಬೈಕು ಬರೀ ನೆರಳಾಗಿ ಕಾಣುತ್ತಿತ್ತು. ನೆರಳಿಗೆ ಎರಡು ತಲೆಗಳಿದ್ದವು.

ನಾನು ಕೂಗಲಿಲ್ಲ. ನಮ್ಮ ಮನೆಯವರ ಭುಜಕ್ಕೆ ಉಗುರು ಊರಿದೆ, ಇನ್ನೂ ಕಲೆ ಇದೆ. ಹೊರಗೆ ಬಂದ ಮೇಲೆ ಗೊತ್ತಾಯಿತು. ಶೋಭಕ್ಕ ನಾಲ್ಕನೇ ಹೆಲ್ಮೆಟ್ಟನ್ನು ನಮ್ಮ ಬಟ್ಟೆಯ ಬ್ಯಾಗಿನ ಮೇಲಿಟ್ಟು ಓಢಣಿಯಿಂದ ಹಿಂದಿನ ಸೀಟಿಗೆ ಕಟ್ಟಿದ್ದರು. "ಕೈಯಾಗ ಹಿಡ್ಕೊಂಡ ಗಾಡಿ ಹೊಡ್ಯಾಕ ಬರಾಂಗಿಲ್ಲಲ್ಲ" ಎಂದರು. ಮಾತು ಸರಿಯೇ ಇತ್ತು. ಆದರೂ ಅಲ್ಲಿಂದ ಮುಂದೆ ನಾನು ತಿರುಗಿ ನೋಡಲಿಲ್ಲ.

ಊಟ ಮುಗಿಸಿ ಜಿಪ್‌ಲೈನಿಗೆ ಹೋದಾಗ ಮಧ್ಯಾಹ್ನ ಮೂರು ಗಂಟೆ. ಗೈಡುಗಳು ಬದಲಾಗಿದ್ದರು. ಈ ಗುಡ್ಡದ ಗೋಪುರದಿಂದ ಆ ಗುಡ್ಡಕ್ಕೆ ಒಂದು ತಂತಿ, ಅದಕ್ಕೆ ಜೋತುಬಿದ್ದು ಜಾರಬೇಕು, ನಡುವೆ ಆಳದಲ್ಲಿ ಹೊಳೆ. ನಾನು ಕಣ್ಣು ಮುಚ್ಚಿಕೊಂಡು ದಾಟಿದೆ. ನಮ್ಮ ಮನೆಯವರು ದೇವರ ಹೆಸರು ಹೇಳುತ್ತ ದಾಟಿದರು (ಫಿಸಿಕ್ಸ್). ಕೊನೆಗೆ ಶೋಭಕ್ಕ. ಅವರ ಕಣ್ಣು ತೆರೆದಿದ್ದವು, ತುಟಿ ಅಲುಗುತ್ತಿದ್ದವು. ಇಳಿದ ಮೇಲೆ ಕೇಳಿದೆ.

"ಯಾರ ಜೋಡಿ ಮಾತಾಡಾಕತ್ತಿದ್ರಿ ಅಕ್ಕಾರ?"

"ಯಾರ ಜೋಡೀನೂ ಇಲ್ಲ" ಎಂದರು.

ಹೆಲ್ಮೆಟ್ ವಾಪಸು ಕೊಡಲು ಕೌಂಟರಿಗೆ ಬಂದೆವು. ಹೆಣ್ಣುಮಗಳು ಎಣಿಸಿದಳು. ಮೂರು. ಫಾರ್ಮ್ ಎಣಿಸಿದಳು. ನಾಲ್ಕು. ನಮ್ಮ ಮುಖ ಎಣಿಸಿದಳು. ಅವಳ ನಗು ಹೋಯಿತು.

"ಮಿಸ್ಟರ್ ಮಾರುತಿ ಎಲ್ಲಿ?"

ಹೇಳಿ, ಏನು ಉತ್ತರ ಕೊಡುತ್ತೀರಿ ಇದಕ್ಕೆ? ನಮ್ಮ ಮನೆಯವರು ನನ್ನನ್ನು ನೋಡಿದರು. ನಾನು ಶೋಭಕ್ಕನನ್ನು ನೋಡಿದೆ. ಶೋಭಕ್ಕ ಕಣಿವೆಯನ್ನು ನೋಡುತ್ತಿದ್ದರು. ಅಷ್ಟರಲ್ಲಿ ಅವಳು ವಾಕಿಟಾಕಿ ಎತ್ತಿದ್ದಳು. ಆಚೆ ಗುಡ್ಡದಿಂದ ಸುದ್ದಿ ಬಂತು. ಗೋಪುರದ ಮೊಳೆಗೆ ಒಂದು ಕೆಂಪು ಹೆಲ್ಮೆಟ್ ನೇತು ಹಾಕಿದೆ, ಮನುಷ್ಯ ಇಲ್ಲ. ಅದನ್ನು ಅಲ್ಲಿ ತೂಗುಹಾಕಿ ಬಂದವರು ಶೋಭಕ್ಕ ಎಂದು ನನಗೆ ತಕ್ಷಣ ಹೊಳೆಯಿತು. ಅಲ್ಲಿಯ ಕೆಲಸದವರಿಗೆ ಹೊಳೆದದ್ದು ಬೇರೆ. ಯಾರೋ ಹೆಲ್ಮೆಟ್ ತೆಗೆದಿಟ್ಟು ಕಣಿವೆಗೆ ಇಳಿದಿದ್ದಾನೆ, ಇಲ್ಲವೇ ಬಿದ್ದಿದ್ದಾನೆ.

ಸೀಟಿ ಊದಿದರು. ತಂತಿಯ ಓಡಾಟ ನಿಂತಿತು. ತಲೆಗೆ ಬಿಳಿ ವಸ್ತ್ರ ಕಟ್ಟಿದ್ದ ಸೂಪರ್‌ವೈಸರ್ ಓಡಿ ಬಂದ, ಐವತ್ತು ದಾಟಿದ ಮನುಷ್ಯ. ಆರು ಜನ ಹಗ್ಗ ಹಿಡಿದು ಕಣಿವೆಗೆ ಇಳಿದರು. ಇಳಿಯುತ್ತ ಕೂಗತೊಡಗಿದರು.

"ಮಾರುತೀ... ಮಿಸ್ಟರ್ ಮಾರುತೀ..."

ಗುರುತು ಪರಿಚಯ ಇಲ್ಲದ ಆರು ಗಂಟಲುಗಳು, ಕಾಣದ ಕಾಡಿನೊಳಗಿನಿಂದ, ನಮ್ಮ ದಾಜಿಯ ಹೆಸರು ಹಿಡಿದು ಕರೆಯುತ್ತಿದ್ದವು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ತೀರ ಕೆಳಗೆ. ನಡುನಡುವೆ ಉತ್ತರಕ್ಕಾಗಿ ನಿಲ್ಲಿಸುತ್ತಿದ್ದರು. ಕೂಗಿಗಿಂತ ಆ ನಿಲ್ಲಿಸುವುದನ್ನು ಕೇಳುವುದು ಕಷ್ಟವಾಗುತ್ತಿತ್ತು. ಶೋಭಕ್ಕ ಕಟಕಟೆ ಹಿಡಿದು ನಿಂತಿದ್ದರು. ಹಾರಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿದರು, ಕುರ್ತಾದ ಕೆಸರು ಕೊಡವಿದರು. ಬಾಗಿಲಲ್ಲಿ ದಾಜಿಯ ಬೈಕಿನ ಸದ್ದು ಕೇಳಿದರೆ ಹೀಗೆಯೇ ಮಾಡುತ್ತಿದ್ದರು.

ಮಳೆ ಹನಿಯತೊಡಗಿತು. ಮೇಲೆ ಮಳೆಯಾದರೆ ಹೊಳೆ ಒಮ್ಮೆಲೇ ಏರುತ್ತದೆ ಎಂದು ಸೂಪರ್‌ವೈಸರ್ ಹೇಳಿದ. ಅಷ್ಟರಲ್ಲಿ ವಾಕಿಟಾಕಿ ಗೊರಗುಟ್ಟಿತು. ಅವರ ಭಾಷೆಯಲ್ಲಿ ಏನೋ ಹೇಳಿದರು. ಅವನ ಮುಖ ಅರಳಿತು.

"ಸಿಕ್ಕರು. ಹೊಳೆಯ ಕಡೆಯಿಂದ ಉತ್ತರ ಬಂತಂತೆ. ಗಂಡಸಿನ ದನಿ. 'ಓ' ಅಂದರಂತೆ. ಇನ್ನೂ ಕೆಳಗೆ ಇಳಿಯುತ್ತಿದ್ದಾರೆ."

ಕಬ್ಬಿನ ಹೊಲದಲ್ಲಿ ಕಾಣದಷ್ಟು ದೂರ ಇದ್ದವರನ್ನು ಕರೆದರೆ ನಮ್ಮ ಕಡೆ ಏನಂತಾರೆ? ಓ ಅಂತಾರೆ.  ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಆರು ಜೀವಂತ ಮನುಷ್ಯರು, ಮನೆಯಲ್ಲಿ ಹೆಂಡಿರು ಮಕ್ಕಳಿರುವವರು, ಏರುವ ಹೊಳೆಗೆ ಇಳಿಯುತ್ತಿದ್ದರು. ನಾವು ಮೂವರು ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಎಂಟು ತಿಂಗಳು ಶೋಭಕ್ಕನ ಮುಂದೆ ಆ ಮಾತು ಆಡದೆ ಕಳೆದಿದ್ದೆವು. "ಹಂಗಾತಲ್ಲ" ಎನ್ನುತ್ತಿದ್ದೆವು. "ಆವಾಗಿಂದ" ಎನ್ನುತ್ತಿದ್ದೆವು. ಸತ್ತರು ಎಂದು ಒಮ್ಮೆಯೂ ಅಂದಿರಲಿಲ್ಲ.

"ಹೀ ಈಸ್ ಡೆಡ್" ಎಂದೆ. "ಅಲ್ಲಿ ಯಾರೂ ಇಲ್ಲ. ನಮ್ಮ ಊರಲ್ಲೇ ತೀರಿಕೊಂಡರು, ಎಂಟು ತಿಂಗಳ ಹಿಂದೆ. ನಿಮ್ಮವರನ್ನು ಮೇಲಕ್ಕೆ ಕರೆಯಿರಿ, ತಪ್ಪು ನಮ್ಮದು."

ಇಂಗ್ಲಿಷಿನಲ್ಲಿ ಎಷ್ಟು ಸಲೀಸಾಗಿ ಬಂತು ನೋಡಿ.

ಸೂಪರ್‌ವೈಸರ್ ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ವಾಕಿಟಾಕಿಯಲ್ಲಿ ಎಲ್ಲರನ್ನೂ ಮೇಲಕ್ಕೆ ಬರಹೇಳಿದ. ಆಮೇಲೆ ಮೆಲ್ಲಗೆ ಕೇಳಿದ.

"ಹಾಗಾದರೆ ಓಗೊಟ್ಟವರು ಯಾರು?"

ನಾನು ಶೋಭಕ್ಕನ ಹತ್ತಿರ ಹೋದೆ. ಈಗ ಇದನ್ನು ಕನ್ನಡದಲ್ಲಿ ಹೇಳಬೇಕಿತ್ತು. 

"ಅಕ್ಕಾರ, ದಾಜಿ ಇಲ್ರಿ. ದಾಜಿ ಸತ್ತಾರ್ರಿ."

"ಗೊತ್ತೈತಿ ಸುಜಾತಾ" ಎಂದರು. ಕಣ್ಣು ಕಣಿವೆಯಿಂದ ಕೀಳಲಿಲ್ಲ. "ನನಗೇನ ಹುಚ್ಚ ಹಿಡದಿಲ್ಲ. ಎಂಟ ತಿಂಗಳಾತು, ನಮ್ಮ ಮನ್ಯಾಗ ಒಬ್ಬರರ ಅವರ ಹೆಸರ ತಗೊಂಡೀರೇನ? ಫೋಟೋ ಸುದ್ದಾ ಒಳಗ ಇಟ್ಟೀರಿ. ಇಲ್ಲಿ ಯಾರೋ ಗುರ್ತ ಇಲ್ಲದವರು ಕರ್ಯಾಕತ್ತಿದ್ರು. ಇನ್ನೊಂದೀಟ ಕೇಳೂನು ಅಂತ ನಿಂತಿದ್ನಿ."

ಆರು ಜನ ಒಬ್ಬೊಬ್ಬರಾಗಿ ಮೇಲೆ ಬಂದರು, ತೊಯ್ದು, ಕೆಸರಾಗಿ. ಶೋಭಕ್ಕ ಪ್ರತಿಯೊಬ್ಬರ ಮುಂದೆ ಹೋಗಿ ಕೈಮುಗಿದು "ತಪ್ಪಾತ್ರಿ" ಎಂದರು. ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಯಾರಿಗೂ ಅರ್ಥವಾಗದೆ ಇರಲಿಲ್ಲ. ಸೂಪರ್‌ವೈಸರ್ ಒಂದು ಹೂವು ತಂದು ಶೋಭಕ್ಕನ ಕೈಗೆ ಕೊಟ್ಟ. ಸತ್ತವರನ್ನು ಹೆಸರು ಹಿಡಿದು ಕರೆದ ಮೇಲೆ ಹಾಗೇ ಬಿಟ್ಟು ಹೋಗಬಾರದು, ಮನೆಗೆ ನಡೆಯಿರಿ ಎಂದು ಹೇಳಿ ಹೋಗಬೇಕು ಎಂದ. ಶೋಭಕ್ಕ ಹೂವನ್ನು ಕಣಿವೆಗೆ ಬಿಟ್ಟು ಏನೋ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಕೆಲವು ಮಾತು ಕೇಳಿಸಿಕೊಳ್ಳಬಾರದು.

ಕೌಂಟರಿನ ಹೆಣ್ಣುಮಗಳು ಹೆಲ್ಮೆಟ್ಟುಗಳ ಒಳಗಿನ ಬೆವರು ಒರೆಸಿ ಒರೆಸಿ ಕಪಾಟಿನಲ್ಲಿ ಇಡುತ್ತಿದ್ದಳು. ನಾಲ್ಕನೆಯದು ಆಚೆ ಗುಡ್ಡದಿಂದ ಬಂದಿತ್ತು. ಅದರೊಳಗೂ ಬಟ್ಟೆ ಆಡಿಸಿದಳು. ಬಟ್ಟೆ ಒದ್ದೆಯಾಯಿತು. ಮಳೆ ಸಿಡಿದಿರಬೇಕು ಎಂದರು ನಮ್ಮ ಮನೆಯವರು. ಗೋಪುರಕ್ಕೆ ಛಾವಣಿ ಇತ್ತು ಎಂದು ನಾನು ಹೇಳಲು ಹೋಗಲಿಲ್ಲ.

ವಿಮಾನದಲ್ಲಿ ಅವರು ನನಗೆ ಪ್ರತಿಧ್ವನಿಯ ಪಾಠ ಮಾಡಿದರು. ಕಣಿವೆಯ ಗೋಡೆಗೆ ಶಬ್ದ ತಾಗಿ ಮರಳುತ್ತದೆ, ಅಷ್ಟೇ ವಿಷಯ. ಒಪ್ಪಿದೆ. ಮಾರುತಿ ಎಂದು ಕೂಗಿದರೆ "ತೀ" ಎಂದು ಮರಳಬೇಕಲ್ಲ, "ಓ" ಎಂದು ಹೇಗೆ ಮರಳಿತು ಎಂದು ಕೇಳಿದೆ. ಇನ್ನೂ ಯೋಚಿಸುತ್ತಿದ್ದಾರೆ.

ಬೇಡಕಿಹಾಳಕ್ಕೆ ಬಂದು ಕಲ್ಲನ್ನು ಅದರ ಜಾಗದಲ್ಲಿಟ್ಟೆವು. ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದೆ.  ಅತ್ತೆ ಎದ್ದು ಹೋಗಿ, ಟ್ರಂಕಿನಿಂದ ದಾಜಿಯ ಫೋಟೋ ತೆಗೆದು ಸೆರಗಿನಿಂದ ಒರೆಸಿ, ನಡುಮನೆಯ ಗೋಡೆಗೆ ತೂಗುಹಾಕಿದರು. ಮೊನ್ನೆ ಊಟಕ್ಕೆ ಕುಳಿತಾಗ "ಪುಂಡಿಪಲ್ಯ ಅಂದ್ರ ಮಾರುತಿಗೆ ಜೀಂವ" ಎಂದರು. ನಾನು ಶೋಭಕ್ಕನ ಮುಖ ನೋಡಿದೆ. ಶೋಭಕ್ಕ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು.

ಅವರಿಗೆ ನೋವಾಗುತ್ತದೆ ಎಂದು ನಾವು ಎಂಟು ತಿಂಗಳು ಸುಮ್ಮನಿದ್ದೆವಲ್ಲ. ನಿಜ ಹೇಳಲೇ? ಕಷ್ಟವಾಗುತ್ತಿದ್ದದ್ದು ನಮಗೆ. ಅವರು ಅತ್ತರೆ ನೋಡಲಾಗದು ಎಂದು ಅವರ ಗಂಡನ ಹೆಸರನ್ನೇ ಅವರಿಂದ ಕಸಿದುಕೊಂಡಿದ್ದೆವು. ಅದಕ್ಕೆ ಕಾಳಜಿ ಎಂದು ಹೆಸರಿಟ್ಟಿದ್ದೆವು.

ನಿಮ್ಮ ಮನೆಯಲ್ಲೂ ಒಂದು ಹೆಸರು ಇರಬೇಕಲ್ಲ, ಅದನ್ನು ಬಾಯಿ ಬಿಟ್ಟು ಕರೆದು ಎಷ್ಟು ದಿನವಾಯಿತು?