ದಾಳಿಂಬೆ ರಸದ ಕೂಸು

ಹಣ್ಣಿನ ರಸ ಕುಡಿಸಿದರೆ ಕೂಸಿನ ಮೈಗೆ ಒಳ್ಳೆಯದಲ್ಲವೇ ಎಂದು ಮೊನ್ನೆ ಮೊಮ್ಮಗನ ಹೆಂಡತಿ ಕೇಳಿದಳು. "ಕುಡಿಸು, ಬ್ಯಾಡ ಅನ್ನೂದಿಲ್ಲ. ಆದ್ರ ಅದನ್ನ ಊಟ ಅಂತ ತಿಳ್ಕೊಂಡಿ ಅಂದ್ರ ನನ್ನ ಕಣ್ಣ ಮುಂದ ನಿಂದರಬ್ಯಾಡ" ಎಂದು ಗದರಿಬಿಟ್ಟೆ. ಪಾಪ, ಅವಳ ಮುಖ ಸಣ್ಣದಾಯಿತು. ನನ್ನ ಬಾಯಿ ಮೊದಲಿನಿಂದಲೂ ಹೀಗೇ, ಬಲು ಜೋರು. ಅವಳಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಿಜಾಮರ ಕಾಲ. ಯಲಬುರ್ಗಾದ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಊರಲ್ಲಿ ಎಲ್ಲರೂ ಜೋಳ ಬಿತ್ತುವವರು. ಬಾವಿ ಇದ್ದ ನಮ್ಮ ಹೊಲದಲ್ಲಿ ಮಾತ್ರ ದಾಳಿಂಬೆ ಗಿಡಗಳಿದ್ದವು. ಆ ಗಿಡಗಳ ಸೊಕ್ಕು ನನಗೆ ಬಹಳ ಇತ್ತು, ಸುಳ್ಳೇಕೆ ಹೇಳಲಿ.

ಮಗಳಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹೊಟ್ಟೆಯಲ್ಲಿ ಎರಡನೆಯದು ನಿಂತಿತೆಂದು ಎದೆಹಾಲು ಬಿಡಿಸಿದ್ದೆ. ದೀಪಾವಳಿಯ ಹೊತ್ತಿಗೆ ಅವಳಿಗೆ ಭೇದಿ ಹತ್ತಿತು. ನನ್ನ ಗಂಡ ಕುಷ್ಟಗಿಗೆ ಹೋಗಿ ಹಕೀಮರನ್ನು ಕೇಳಿಕೊಂಡು ಬಂದರು. ಹಾಲು ಬೇಡ, ರೊಟ್ಟಿ ಬೇಡ, ಭೇದಿ ನಿಲ್ಲುವ ತನಕ ದಾಳಿಂಬೆ ರಸ ಕೊಡಿ ಎಂದಿದ್ದರಂತೆ. ಕೊಟ್ಟೆ. ಐದು ದಿನಕ್ಕೆ ಭೇದಿ ನಿಂತಿತು. ಆರನೆಯ ದಿನ ಮೆತ್ತಗೆ ಹಿಸುಕಿದ ಅನ್ನ ತಿನ್ನಿಸಿದರೆ ಅಷ್ಟನ್ನೂ ವಾಂತಿ ಮಾಡಿಕೊಂಡಳು. ನನಗೆ ಜೀವ ಬಾಯಿಗೆ ಬಂತು. ಅನ್ನದ ಬಟ್ಟಲು ಅತ್ತ ಸರಿಸಿ ಮತ್ತೆ ರಸ ಕುಡಿಸಿದೆ. ಗಟಗಟ ಕುಡಿದು ನಕ್ಕಳು.

ಅಲ್ಲಿಂದ ಅದೇ ರೂಢಿಯಾಯಿತು. ಬೆಳಿಗ್ಗೆ ದಾಳಿಂಬೆ ಬಿಡಿಸಿ, ಕಾಳನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಿದ್ದೆ. ಮಧ್ಯಾಹ್ನ ಗಜ್ಜರಿ ಗಡ್ಡೆ ತುರಿದು ಹಿಂಡಿ ಕಲ್ಲುಸಕ್ಕರೆ ಹಾಕುತ್ತಿದ್ದೆ. ಗಂಗಾವತಿ ಸಂತೆಗೆ ಹೋಗುವ ಬಂಡಿಯವರ ಕೈಲಿ ಮೋಸಂಬಿ ತರಿಸುತ್ತಿದ್ದೆ. ಹಿಂಡಿ ಉಳಿದ ಚರಟ ಎಮ್ಮೆಯ ಬಾನಿಗೆ ಹೋಗುತ್ತಿತ್ತು. ಹಣ್ಣಿನ ಸತ್ವವೆಲ್ಲ ರಸದಲ್ಲಿ, ಉಳಿದದ್ದು ಕಸ ಎಂದೇ ನಾನು ತಿಳಿದಿದ್ದೆ. ತುತ್ತು ಹಿಡಿದು ಮಕ್ಕಳ ಹಿಂದೆ ಓಡಾಡುವ ತಾಯಂದಿರನ್ನು ಕಂಡರೆ ನನಗೆ ನಗು. ನನ್ನ ಮಗಳು ಬಟ್ಟಲು ಕಂಡರೆ ಸಾಕು, ತಾನೇ ಬಾಯಿ ತೆರೆಯುತ್ತಿದ್ದಳು.

ಹೊಲದಲ್ಲಿ ಕಳೆ ತೆಗೆಯಲು ಒಬ್ಬಾಕೆ ಬರುತ್ತಿದ್ದಳು. ಅವಳಿಗೂ ಅಷ್ಟೇ ವಯಸ್ಸಿನ ಮಗಳು. ಮೂಗು ಸುರಿಸಿಕೊಂಡು, ಬೇಳೆಯಲ್ಲಿ ನೆನೆದ ರೊಟ್ಟಿ ತಿಂದು, ಮೆಂತ್ಯದ ಎಲೆ ಕಿತ್ತು ಅಗಿಯುತ್ತ ಬದುವಿನ ತುಂಬ ಓಡಾಡುತ್ತಿತ್ತು. ಒಂದು ಮಧ್ಯಾಹ್ನ ಆಕೆ ಬುತ್ತಿ ಬಿಚ್ಚಿದಾಗ ನನ್ನ ಮಗಳು ಕೂತಲ್ಲಿಂದಲೇ ಕೈ ಚಾಚಿ ಒಂದು ರೊಟ್ಟಿ ಚೂರು ಹಿಡಿದಳು.

"ಅವ್ವಾರ, ಸಿಟ್ಟಾಗಬ್ಯಾಡ್ರಿ. ಕೂಸು ಕುಂತಲ್ಲೇ ಕುಂದರತೈತಿ, ಎದ್ದು ಆಡೂದಿಲ್ಲ. ಒಂದೀಟು ರೊಟ್ಟಿ ಬ್ಯಾಳ್ಯಾಗ ಕಲಸಿ ಕೊಡ್ಲೇನ್ರಿ?" ಎಂದಳು.

ನಾನು ಮಗಳ ಮುಷ್ಟಿ ಬಿಡಿಸಿ ಆ ಚೂರನ್ನು ಕಸಿದುಕೊಂಡೆ. "ಮೊದ್ಲು ನಿನ್ನ ಕೂಸಿನ ಮಾರಿ ನೋಡ್ಕೊ. ಆಮ್ಯಾಲೆ ನನಗ ಶ್ಯಾಣೇತನ ಹೇಳಾಕ ಬಾ!"

"ತಪ್ಪಾತ್ರಿ ಅವ್ವಾರ" ಎಂದು ಆಕೆ ತಲೆ ತಗ್ಗಿಸಿದಳು. ಮಗಳು ಅತ್ತಳು. ಅಳು ನಿಲ್ಲಿಸಲು ರಸ ಕುಡಿಸಿದೆ.

ಸಂಕ್ರಮಣದ ಹೊತ್ತಿಗೆ ಮಗಳ ಕೆನ್ನೆ ಉಬ್ಬಿದವು, ಕಾಲು ದುಂಡಗಾದವು. "ಮೈ ತುಂಬ್ಯಾಳ ನೋಡ ನನ್ನ ಬಂಗಾರಿ" ಎಂದು ಅತ್ತೆ ದೃಷ್ಟಿ ತೆಗೆದರು. ಕಾಲಿನ ಗೆಜ್ಜೆ ಬಿಗಿಯಾಯಿತೆಂದು ಬಿಚ್ಚಿ, ದೊಡ್ಡ ಅಳತೆಯದು ಮಾಡಿಕೊಡೆಂದು ನಾನೇ ಅಕ್ಕಸಾಲಿಗನಿಗೆ ಹೇಳಿಬಂದೆ. ಅದನ್ನು ಎಷ್ಟು ಹೆಮ್ಮೆಯಿಂದ ಹೇಳಿದೆ ನಾನು! ಅವಳ ಕೂದಲು ಕೆಂಚಗಾಗಿತ್ತು, ಬಾಚಿದರೆ ಕೈಗೇ ಬರುತ್ತಿತ್ತು. ನಗುವುದನ್ನೂ ಬಿಟ್ಟಿದ್ದಳು. ದವಡೆ ಹಲ್ಲು ಬರುತ್ತಿರಬೇಕು ಎಂದುಕೊಂಡೆ.

ಒಂದು ಬೆಳಿಗ್ಗೆ ಎಬ್ಬಿಸಿದರೂ ಏಳಲಿಲ್ಲ. ಬಂಡಿ ಕಟ್ಟಿಕೊಂಡು ಕೊಪ್ಪಳದ ದವಾಖಾನೆಗೆ ಒಯ್ದೆವು. ಡಾಕ್ಟರು ಅವಳ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಒತ್ತಿದ ಕುಳಿ ಹಾಗೇ ನಿಂತಿತು, ತುಂಬಿಕೊಳ್ಳಲಿಲ್ಲ.

"ಕೂಸು ಏನು ತಿಂತೈತಿ?"

"ದಾಳಿಂಬ್ರಿ ರಸ ರೀ, ಗಜ್ಜರಿ ರಸ, ಮೋಸಂಬಿ..."

"ಅದರ ಜೋಡಿ?"

"ಮತ್ತೇನಿಲ್ರಿ, ಬರೇ ರಸಾನ ಕುಡಿತಾಳ" ಎಂದೆ.

"ರಸ ಕೆಟ್ಟದ್ದಲ್ಲವ್ವಾ. ಊಟದ ಮ್ಯಾಲ ಒಂದೆರಡು ಗುಟುಕು ಕೊಟ್ಟಿದ್ರ ಛಲೋ ಇತ್ತು. ಇದು ಮೈ ತುಂಬಿದ್ದಲ್ಲ, ಬಾವು. ನಿನ್ನ ಕೂಸು ಇಷ್ಟು ದಿನ ಉಪವಾಸ ಐತಿ."

ಉಪವಾಸ! ಹಗೇವಿನ ತುಂಬ ಜೋಳ, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಎಮ್ಮೆ, ಗಡಿಗೆಯಲ್ಲಿ ಬೇಳೆ ಇದ್ದ ಮನೆಯಲ್ಲಿ ಹೆತ್ತ ತಾಯಿ ನಾನು, ನನ್ನ ಮಗಳನ್ನು ಉಪವಾಸ ಕೆಡವಿದ್ದೆ. ಅಲ್ಲೇ ದವಾಖಾನೆಯ ಕಟ್ಟೆಯ ಮೇಲೆ ಕೂತು ಎದೆ ಬಡಿದುಕೊಂಡೆ. ಕಳೆ ತೆಗೆಯುವ ಆ ಹೆಂಗಸು ಕಣ್ಣಾರೆ ಕಂಡು ಹೇಳಿದ್ದಳಲ್ಲ, ಅವಳ ಬಾಯಿ ಮುಚ್ಚಿಸಿದ್ದೂ ನಾನೇ.

ಹಾಲು, ಬೇಳೆ, ಹಿಸುಕಿದ ಅನ್ನ, ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಕೊಡಿ ಎಂದರು ಡಾಕ್ಟರು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿದ್ದ ನಮ್ಮ ನೆಂಟರ ಮನೆಯಲ್ಲಿ ಉಳಿದೆವು. ಹೊತ್ತು ಹೊತ್ತಿಗೆ ಹೆಸರುಬೇಳೆ ಬೇಯಿಸಿ, ಬೆರಳಲ್ಲೇ ಅರೆದು ತುಟಿಗೆ ಹಚ್ಚಿದೆ. ಹಾಡಿದೆ, ಬೇಡಿದೆ, ಕೊನೆಗೆ ಗದರಿಸಿಯೂ ನೋಡಿದೆ. ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದಳು. ಬಾಯಿಗೆ ಹೋದದ್ದನ್ನೂ ನಾಲಗೆಯಿಂದ ಹೊರಗೆ ನೂಕುತ್ತಿದ್ದಳು. ತಿನ್ನುವುದೆಂದರೇನೆಂದೇ ನನ್ನ ಮಗಳು ಮರೆತಿದ್ದಳು.

ಆರನೆಯ ದಿನ ಬೆಳಿಗ್ಗೆ ತೊಡೆಯ ಮೇಲೆ ಹಾಕಿಕೊಂಡು ಒಂದು ಚಿಟಿಕೆ ಅನ್ನ ತುಟಿಗೆ ಇಟ್ಟೆ. "ತಿನ್ನ ನನ್ನವ್ವಾ, ಒಂದ ತುತ್ತು" ಎಂದೆ. ಕಣ್ಣು ಅರ್ಧ ತೆರೆದು ನನ್ನನ್ನು ನೋಡಿದಳು.

"ಅವ್ವಾ, ರಸ" ಎಂದಳು.

ಗಂಡ ಪೇಟೆಗೆ ಓಡಿ ಹಣ್ಣು ತಂದರು. ಸೀರೆಯ ಸೆರಗಿನಲ್ಲೇ ಕಾಳು ಕಟ್ಟಿ ಹಿಂಡಿದೆ. ಎರಡು ಗುಟುಕು ಕುಡಿದಳು. ಮೂರನೆಯದನ್ನು ನುಂಗುವ ಮೊದಲೇ ಉಸಿರು ನಿಂತಿತು; ರಸ ಕಟವಾಯಿಯಿಂದ ಇಳಿದು ನನ್ನ ಕೈ ಮೇಲೆ ಬಿತ್ತು.