ಬಟ್ಯ ಮೇಸ್ತ್ರಿಯ ಗೋಡೆ

ನೆಕ್ರಾಜೆಯ ನಮ್ಮ ಗುಡ್ಡೆಯಲ್ಲಿ ಬಟ್ಯ ಮೇಸ್ತ್ರಿ ಕಟ್ಟಿದ ಗೋಡೆ ಬಿದ್ದದ್ದಿಲ್ಲ. ಬೀಳಬೇಕಾದದ್ದು ಒಂದೇ ಇತ್ತು, ಅದೂ ಬೀಳಲಿಲ್ಲ. ಅದು ಅವರ ಮತ್ತು ತಂಗಿ ಅಮ್ಮಣಿಯಕ್ಕನ ಹಿತ್ತಿಲುಗಳ ನಡುವಿನ ಕೆಂಪುಕಲ್ಲಿನ ಗೋಡೆ.

ಕಾರಣ ಕೋಳಿ. ಅಮ್ಮಣಿಯಕ್ಕನ ಕೋಳಿಗಳು ಬಟ್ಯಣ್ಣ ಆಗಷ್ಟೇ ಬಿತ್ತಿದ್ದ ಹರಿವೆಯ ಪಾತಿಯನ್ನು ಕೆದಕಿದವು. "ಕೋಳಿ ಸಾಕಿದ ಹಾಗೆಯೇ ಮಕ್ಕಳನ್ನೂ ಸಾಕಿದ್ದಿ ನೀನು," ಎಂದರು ಬಟ್ಯಣ್ಣ. ಇನ್ನು ಈ ಮುಖ ನೋಡಲಿಕ್ಕಿಲ್ಲ ಎಂದರು ಅಮ್ಮಣಿಯಕ್ಕ. ನೋಡುವ ಕಷ್ಟ ಅವರಿಗೆ ಯಾಕೆಂದು ಬಟ್ಯಣ್ಣ ಮರುದಿನವೇ ಪಾಯ ತೋಡಿದರು. ಕೈ ಎತ್ತಿದರೂ ತುದಿ ಸಿಗದಷ್ಟು ಎತ್ತರದ ಗೋಡೆ. ಮಳೆನೀರಿಗೆ ಎಲ್ಲರೂ ಬಿಡುವ ತೂತನ್ನೂ ಅವರು ಬಿಡಲಿಲ್ಲ. ನೀರನ್ನು ಸುತ್ತುಬಳಸಿ ರಸ್ತೆಗೆ ತಿರುಗಿಸಿದರು.

ಅದು 2004ರ ಮಾತು. ಆಮೇಲೆ ಅಮ್ಮಣಿಯಕ್ಕನ ಮಗಳ ಮದುವೆಯಾಯಿತು. ಸೋದರಮಾವನಾದ ಬಟ್ಯಣ್ಣ ಹೊಸ ಪಂಚೆ ಉಟ್ಟು ಬಂದು, ಕೊನೆಯ ಸಾಲಿನಲ್ಲಿ ಕೂತು, ಉಂಡು ಎದ್ದು ಬಂದರು. ಅವರ ಜಾಗ ಎಲ್ಲಿತ್ತೆಂದು ಚಪ್ಪರದಲ್ಲಿದ್ದವರಿಗೆಲ್ಲ ಗೊತ್ತಿತ್ತು. ನನಗೆ ಆ ದಿನ ಇಬ್ಬರ ಮೇಲೂ ಸಿಟ್ಟು ಬಂತು. ಈಗಲೂ ಸ್ವಲ್ಪ ಇದೆ.

2015ರಲ್ಲಿ ನಮ್ಮ ತೋಡಿಗೆ, ಅಂದರೆ ಗುಡ್ಡೆಯ ಬುಡದ ಹಳ್ಳಕ್ಕೆ, ಒಂದು ಯೋಜನೆ ಬಂತು. ನಮ್ಮ ಊರು ಇರುವುದು ಕೇರಳದಲ್ಲಿ; ಅಲ್ಲಿನ ಸರಕಾರಿ ಕಾಗದಗಳು ನೀರ್ತಡ ಎನ್ನುವುದನ್ನು ಕನ್ನಡದವರಾದ ನಾವು ಜಲಾನಯನ ಎನ್ನುತ್ತೇವೆ. ಬಟ್ಯಣ್ಣ ಎರಡನ್ನೂ ಬಿಟ್ಟು ಗುಡ್ಡೆ ಎನ್ನುತ್ತಿದ್ದರು. ಎಡನೀರಿನ ಕಡೆಯ ಶ್ರೀರಂಜಿನಿ ಎಂಬ ಹುಡುಗಿ ನಕ್ಷೆ ತಂದಳು. ಯೋಜನೆಯ ಸಮಿತಿಯಲ್ಲಿದ್ದ ನಾನು ಅವಳ ಜೊತೆ ಹೋದೆ.

ಅಳಿದುಳಿದ ಕಾಡುಗಳು ನಕ್ಷೆಯಲ್ಲಿ ಹಸಿರು ಚುಕ್ಕೆಗಳು. ಉಡ, ಆಮೆ, ಮುಳ್ಳುಹಂದಿಗಳು ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದ ದಾರಿಗಳು ಹಳದಿ ಗೆರೆಗಳು. ಮುರಿದ ದಾರಿಯನ್ನು ಮೊದಲು ಕೂಡಿಸಬೇಕು, ಗಿಡ ನೆಡುವುದು ಆಮೇಲೆ, ಇದು ಅವಳ ಲೆಕ್ಕ. ಬಟ್ಯಣ್ಣನ ಜಾಗದ ಮೇಲ್ತುದಿಯಲ್ಲಿ ಕುಟುಂಬದ ನಾಗಬನ. ಅಮ್ಮಣಿಯಕ್ಕನ ಜಾಗದ ಕೆಳಗೆ ತೋಡು. ಬನದಿಂದ ಹೊರಟ ಹಳದಿ ಗೆರೆ ಗೋಡೆಗೆ ಬಂದು ಕೆಂಪಾಗಿತ್ತು.

"ಇಲ್ಲಿ ಒಂದು ತೂತು ಮಾಡಿದರೆ ಸಾಕು ಬಟ್ಯಣ್ಣ," ಎಂದಳು ಅವಳು.

"ನಾನು ಕಟ್ಟುವವ ಮೇಡಂ, ಕೆಡಹುವವರು ಬೇರೆ ಇದ್ದಾರೆ."

ಗೋಡೆಯ ಆಚೆಯಿಂದ ಅಮ್ಮಣಿಯಕ್ಕನ ಸ್ವರ ಬಂತು. "ಮೇಡಂ, ನಾಗನಿಗೆ ನೀರಿಗೆ ಇಳಿಯಲಿಕ್ಕೆ ದಾರಿ ಬೇಡವಾ ಅಂತ ಆ ಜನದ ಹತ್ರ ಸ್ವಲ್ಪ ಕೇಳಿ."

ಶ್ರೀರಂಜಿನಿ ಕೇಳಿದಳು. ಬಟ್ಯಣ್ಣ ಗೋಡೆ ನೋಡಿದರು, ಬನ ನೋಡಿದರು. ವರ್ಷವೂ ಬನದ ತಂಬಿಲದ ಪೂಜೆಗೆ ಹಾಲು, ಎಳನೀರು ಇಟ್ಟು ಕೈಮುಗಿದವರು ನಾಗನ ದಾರಿಗೇ ಕಲ್ಲು ಇಟ್ಟಿದ್ದರು.

"ಇಷ್ಟು ವರ್ಷ ಎಂತಕ್ಕೆ ಹೇಳಲಿಲ್ಲ ಅಂತ ಆ ಜನದ ಹತ್ರ ಕೇಳಿ," ಎಂದರು.

"ಮಾತಿಲ್ಲದವರ ಹತ್ರ ಹೇಳುವುದು ಹೇಗೆ ಅಂತ ಕೇಳಿ."

ಶ್ರೀರಂಜಿನಿ ಇದನ್ನು ಕಾಲೇಜಿನಲ್ಲಿ ಕಲಿತಿರಲಿಲ್ಲ. ಆದರೂ ಚೆನ್ನಾಗಿ ನಿಭಾಯಿಸಿದಳು.

ಮರುದಿನ ಬಟ್ಯಣ್ಣ ಗೋಡೆಯ ಬುಡದಲ್ಲಿ ಒಂದು ತೂತು ಕೊರೆದರು. ಮುಳ್ಳುಹಂದಿ ಹೋಗಬೇಕು, ಮನುಷ್ಯ ಹೋಗಬಾರದು, ಅಷ್ಟೇ ದೊಡ್ಡದು. ಎರಡೂ ಬದಿಯಲ್ಲಿ ಗಿಡ ನೆಟ್ಟೆವು. ಬಂದುಹೋಗುವ ಪ್ರಾಣಿಗಳ ಫೋಟೊ ತಾನಾಗಿಯೇ ತೆಗೆಯುವ ಒಂದು ಕ್ಯಾಮರಾವನ್ನು ಶ್ರೀರಂಜಿನಿ ಮರಕ್ಕೆ ಕಟ್ಟಿದಳು. ಅದು ಎಂತದೆಂದು ಬಟ್ಯಣ್ಣನಿಗೆ ನಾನು ಹೇಳಬೇಕಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಳೆಗಾಲ ಕಳೆದ ಮೇಲೆ ಶಾಲೆಯಲ್ಲಿ ಸಭೆ ಕರೆದು ಫೋಟೊಗಳನ್ನು ಗೋಡೆಯ ಮೇಲೆ ತೋರಿಸಿದರು. ಮೊದಲು ಬಂದದ್ದು ಅಮ್ಮಣಿಯಕ್ಕನ ಕೋಳಿ. ಆಮೇಲೆ ಉಡ, ಆಮೆ, ಮುಳ್ಳುಹಂದಿ. ಆಮೇಲೆ ಬಟ್ಯ ಮೇಸ್ತ್ರಿ. ಹೊಟ್ಟೆಯಡಿಗೆ ಗೋಣಿ ಹಾಸಿ, ನೆಲಕ್ಕೆ ಕವುಚಿ ಮಲಗಿ, ತೂತಿಗೆ ಮುಖ ಕೊಟ್ಟಿದ್ದರು. ಬಾಯಿ ತೆರೆದಿತ್ತು. ಮುಂದಿನ ಫೋಟೊದಲ್ಲೂ ಅವರೇ. ಮೂರನೆಯದರಲ್ಲಿ ಆಚೆಯಿಂದ ಒಂದು ಬಳೆಯ ಕೈ ಬಂದಿತ್ತು, ಕೈಯಲ್ಲಿ ಅರಶಿನ ಎಲೆಯಲ್ಲಿ ಬೇಯಿಸಿದ ಕಡುಬು, ನಮ್ಮ ಕಡೆಯ ಗಟ್ಟಿ.

ಸಭೆಯಲ್ಲಿ ಯಾರೂ ನಗಲಿಲ್ಲ. ನಾನು ಕಣ್ಣು ಒರೆಸಿಕೊಂಡೆ, ಅದನ್ನು ಮುಚ್ಚಿಡುವುದು ಎಂತಕ್ಕೆ.

"ಕೋಳಿಯ ವಿಷಯ ಮಾತಾಡಲಿಕ್ಕಿತ್ತು," ಎಂದರು ಬಟ್ಯಣ್ಣ. "ಪುನಃ ಹರಿವೆ ಕೆದಕಿದೆ."

"ಬೇಲಿ ಹಾಕಬೇಕು ಮತ್ತೆ," ಎಂದರು ಹೆಂಗಸರ ಸಾಲಿನಿಂದ ಅಮ್ಮಣಿಯಕ್ಕ. ಈ ಸಲ ಅಣ್ಣನಿಗೇ ಹೇಳಿದರು.

ಬಟ್ಯಣ್ಣ ಶ್ರೀರಂಜಿನಿಯ ಕಡೆ ತಿರುಗಿದರು. "ಮೇಡಂ, ಈ ದಾರಿಯಲ್ಲಿ ಇನ್ನೂ ದೊಡ್ಡ ಪ್ರಾಣಿ ಬರಲಿಕ್ಕುಂಟಾ?"

"ಕಾಡುಹಂದಿ ಬರಬಹುದು."

"ಹಾಗಾದರೆ ತೂತು ಸಾಲದು."

ಆ ವಾರವೇ ಅವರು ಗೋಡೆ ಒಡೆದು, ಮೇಲೆ ಅಡ್ಡಕಲ್ಲು ಕೊಟ್ಟು ದಾರಿ ದೊಡ್ಡದು ಮಾಡಿದರು. ಹಂದಿಗೆ ಅಷ್ಟು ಎತ್ತರ ಯಾಕೆಂದು ಶ್ರೀರಂಜಿನಿ ಕೇಳಲಿಲ್ಲ. ಸಂಜೆ ಅಮ್ಮಣಿಯಕ್ಕ ತೋಡಿನ ಬದಿಯಿಂದ ಹುಲ್ಲಿನ ಕಟ್ಟು ಹೊತ್ತು ಬಂದರು, ತಲೆ ತಗ್ಗಿಸದೆ ದಾಟಿದರು. ಕಟ್ಟಿನ ಒಂದು ಎಸಳೂ ಕಲ್ಲಿಗೆ ತಾಗಲಿಲ್ಲ. ಬಟ್ಯಣ್ಣ ಆ ಎತ್ತರದ ಅಳತೆ ತೆಗೆಯಲು ತಂಗಿ ಅವರ ಎದುರು ನಿಂತು ಹನ್ನೊಂದು ವರ್ಷವಾಗಿತ್ತು.