ಕೊರಿಯರ್‌ನಲ್ಲಿ ಬಂದ ನಾರು

ಇವತ್ತು ಬೆಳಗ್ಗೆ ನೊಣವಿನಕೆರೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ತೆಂಗಿನ ನಾರು ಹೇರಿದ ಲಾರಿಯೊಂದು ಮೈಮೇಲೆ ಬಂದ ಹಾಗೆ ಬಂದು ತಿರುಗಿಕೊಂಡು ಹೋಯಿತು. ರಾತ್ರಿಯ ಮಳೆಗೆ ನೆನೆದ ನಾರು. ಆ ಹುಳಿ ಮುಗ್ಗಲು ವಾಸನೆಗೆ ನಮ್ಮ ಕಡೆ ಯಾರೂ ಮೂಗು ಮುಚ್ಚುವುದಿಲ್ಲ, ಹುಟ್ಟಿದಾಗಿನಿಂದ ಕುಡಿದ ಗಾಳಿಯೇ ಅದು. ನಾನು ಮಾತ್ರ ಒಬ್ಬಳೇ ನಿಂತು ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ಇದ್ಯಾವುದೋ ಹುಚ್ಚು ಎಂದುಕೊಂಡು ಆಚೆ ಸರಿದಳು. ಅವಳಿಗೇನು ಗೊತ್ತು, ಇದೇ ನಾರನ್ನು ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸಿಕೊಂಡ ಮಹಾತಾಯಿ ನಾನು ಅಂತ!

ಎರಡು ವರ್ಷದ ಹಿಂದಿನ ಮಾತು. ನನ್ನ ಮಗಳು ಇಂಚರ ಆಗ ಏಳನೇ ಕ್ಲಾಸಿಗೆ ಕಾಲಿಟ್ಟಿದ್ದಳು. ಅವಳಿಗೆ ಚಿಕ್ಕಂದಿನಿಂದ ಉಗ್ಗು. ಪಟ್ಟಣದ ದೊಡ್ಡ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಿದ್ದಳು. ಅಲ್ಲಿ ಒಂದು ದಿನ ಬೆಳಗಿನ ಪ್ರಾರ್ಥನೆಯಲ್ಲಿ ಇವಳನ್ನು ಮೈಕಿನ ಮುಂದೆ ನಿಲ್ಲಿಸಿ ವಾರ್ತೆ ಓದಿಸಿದರು. ಮೊದಲನೇ ಪದಕ್ಕೇ ಮಾತು ತಡೆಯಿತು. ಮೈದಾನವೆಲ್ಲ ನಕ್ಕಿತು. ಟೀಚರಮ್ಮ ಗಡಿಯಾರ ನೋಡಿಕೊಂಡು ‘ನೆಕ್ಸ್ಟ್’ ಅಂದರಂತೆ. ಅಷ್ಟೇ. ಅವತ್ತಿನಿಂದ ಮಗು ಶಾಲೆಯಲ್ಲಿ ಬಾಯಿ ಬಿಡುವುದನ್ನು ನಿಲ್ಲಿಸಿತು, ಆಮೇಲೆ ಊಟದ ಡಬ್ಬಿ ತೆಗೆಯುವುದನ್ನು, ಕೊನೆಗೆ ವ್ಯಾನು ಹತ್ತುವುದನ್ನು. ಮನೆಯಲ್ಲೂ ಬರೀ ತಲೆಯಾಡಿಸುವುದೇ ಮಾತಾಯಿತು.

ಅತ್ತೆ ತೀರ್ಪು ಕೊಟ್ಟರು. “ಒಂದು ವರ್ಸ ಮನೇಲಿಟ್ಕೊಂಡು ನೀನೇ ಕಲಿಸಿ ನೋಡು. ಮುಂದಿನ ಜೂನಿಗೂ ಹಿಂಗೇ ಮೂಗಿ ಹಂಗೆ ಕುಂತಿದ್ರೆ ತುಮಕೂರಿನ ಹಾಸ್ಟೆಲ್ಲಿಗೆ ಹಾಕೋದೇ ಸೈ ಕಣೇ. ನಾಲ್ಕು ಜನದ ಮಧ್ಯೆ ಬಿದ್ರೆ ತಾನೇ ಬಾಯಿ ಬತ್ತದೆ.” ನಾಲ್ಕು ಜನದ ಮಧ್ಯೆ ಬಿದ್ದೇ ಬಾಯಿ ಹೋದದ್ದು ಎಂದು ಅವರಿಗೆ ಹೇಳುವವರು ಯಾರು? ಹಾಸ್ಟೆಲ್ಲಿಗೆ ಹೋದರೆ ಆ ಮಗು ಪೂರಾ ಮುಚ್ಚಿಹೋಗುತ್ತದೆ ಎಂದು ನನಗೆ ಖಂಡಿತ ಗೊತ್ತಿತ್ತು. ರಾತ್ರಿ ಹಗಲು ಅದೇ ಹೆದರಿಕೆ.

ನಾನು ಬಿ.ಎಡ್. ಮಾಡಿದವಳು. ಅದನ್ನು ಉಪಯೋಗಿಸಿದ್ದು ಮದುವೆಯ ಮಾತುಕತೆಯಲ್ಲಿ ಮಾತ್ರ, ಆದರೂ ಗತ್ತಿಗೇನೂ ಕಡಿಮೆಯಿರಲಿಲ್ಲ. ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ, ಇನ್ನು ಪಠ್ಯ ಯಾವುದು ಎಂದು ಹುಡುಕಲು ಕೂತೆ. ಮನೆಯಲ್ಲೇ ಪಾಠ ಹೇಳುವವರದೊಂದು ಲೋಕವಿದೆ, ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಫೋನಿನಲ್ಲಿ ಒಂದು ಗುಂಪಿಗೆ ಸೇರಿದೆ, ವಾರದೊಳಗೆ ಅದು ಮರಿ ಹಾಕಿತು. ಒಂದು ಗುಂಪಿನವರಿಗೆ ಪುಸ್ತಕವೇ ವಿಷ. ಮಗುವಿಗೆ ಬೇಕಾದದ್ದನ್ನು ಮಗುವೇ ಕಲಿಯುತ್ತದೆ, ನೀವು ದೂರ ನಿಂತು ನೋಡಿ ಎಂದರು. ನಮ್ಮೂರಲ್ಲಿ ಅದಕ್ಕೆ ಮಕ್ಕಳನ್ನು ಬೀದಿಗೆ ಬಿಡುವುದು ಅಂತಾರೆ, ಯಾರೂ ಅದಕ್ಕೆ ಫೀಸು ಕೇಳುವುದಿಲ್ಲ. ಇನ್ನೊಂದು ಗುಂಪಿಗೆ ಎಲ್ಲವೂ ಸಾವಿರ ವರ್ಷ ಹಳೆಯದಾಗಿರಬೇಕು, ಭಾಗಾಕಾರವೂ ಶ್ಲೋಕದಲ್ಲೇ ಬರಬೇಕು. ಅವರು ಹಾಕುವ ಫೋಟೋದಲ್ಲಿ ಮಗುವಿನ ಕೈಯಲ್ಲಿ ತಾಳೆಗರಿ, ಹಿಂದಿನ ಗೋಡೆಯಲ್ಲಿ ಏಸಿ. ಮತ್ತೊಬ್ಬ ತಾಯಿ “ನಾವು ಕಲಿಸುವುದಿಲ್ಲ, ಕಲಿಕೆಗೆ ಜಾಗ ಮಾಡಿಕೊಡುತ್ತೇವೆ” ಎಂದು ಬರೆದರು. ಜಾಗಕ್ಕೇನು, ನಮ್ಮ ಮನೆಯಲ್ಲಿ ಕೊಟ್ಟಿಗೆಯೂ ಸೇರಿ ಬೇಕಾದಷ್ಟಿತ್ತು. ಉಗ್ಗುವ ಮಗುವಿಗೆ ನಿಮ್ಮಲ್ಲಿ ಏನಿದೆ ಎಂದು ನಾನು ಕೇಳಿದೆ. ಕೈಮುಗಿದ ಚಿತ್ರಗಳು ಬಂದವು, ಕೆಂಪು ಹೃದಯಗಳು ಬಂದವು, ಕೊನೆಗೆ ಒಂದು ಕಂಪನಿಯ ಲಿಂಕು ಬಂತು.

ಇದರ ನಡುವೆ ಅರಳಗುಪ್ಪೆಯಿಂದ ನನ್ನ ತಮ್ಮ ಬಂದು, “ತೋಟಕ್ಕೆ ಕಳ್ಸು ಬುಡಕ್ಕ, ಪ್ರಕೃತೀನೇ ದೊಡ್ಡ ಮೇಷ್ಟ್ರು” ಅಂದ. ಅವನ ಮಕ್ಕಳಿಬ್ಬರೂ ಕಾನ್ವೆಂಟಿನಲ್ಲಿ ಓದಿ, ಸಂಜೆ ಟ್ಯೂಷನ್ನಿಗೆ ಹೋಗಿ, ರಾತ್ರಿ ಆನ್‌ಲೈನ್ ಕ್ಲಾಸಿಗೆ ಕೂರುತ್ತವೆ. ಪ್ರಕೃತಿ ಮೇಷ್ಟ್ರು ಏನಿದ್ದರೂ ಅಕ್ಕನ ಮಗಳಿಗೆ.

ಕೊನೆಗೆ ಆ ಲಿಂಕಿನ ಕಂಪನಿಯನ್ನೇ ಹಿಡಿದೆವು. ಆರಿಸಿದ್ದು ನಮ್ಮೆಜಮಾನರು. ಅವರು ಕೊಬ್ಬರಿ ಮಾರುವ ಮನುಷ್ಯ. ತಿಪಟೂರಿನ ಮಾರುಕಟ್ಟೆಯಲ್ಲಿ ಮೂಟೆಯ ಬಾಯಲ್ಲಿರುವ ಕೊಬ್ಬರಿಯನ್ನು ಯಾರೂ ನಂಬುವುದಿಲ್ಲ, ಚೆನ್ನಾಗಿರುವುದನ್ನೇ ಮೇಲಿಟ್ಟಿರುತ್ತಾರೆ. ನಡುವೆ ಕೈ ಹಾಕಿ ಒಂದನ್ನು ತೆಗೆದು, ಒಡೆದು, ಮೂಸಿ, ಚೂರು ಕಡಿದು ನೋಡಿ ಬೆಲೆ ಕಟ್ಟುತ್ತಾರೆ. ಕಂಪನಿಯ ಹೆಣ್ಣುಮಗಳು ವಿಡಿಯೋ ಕಾಲಿನಲ್ಲಿ ಮೊದಲನೇ ಪಾಠ ತೋರಿಸಲು ಹೊರಟರೆ ಇವರು, “ಮೂಟೆ ಬಾಯಿ ತೋರಿಸ್ಬ್ಯಾಡಿ ಕಣ್ರೀ, ನಡೂಲಿಂದ ಒಂದು ತೆಗೀರಿ” ಅಂದರು. ಆಕೆ ಕಕ್ಕಾಬಿಕ್ಕಿಯಾಗಿ ನಡುವಿನದೊಂದು ಪಾಠ ಕಳಿಸಿದಳು. ಇವರು ಕನ್ನಡಕ ಹಾಕಿಕೊಂಡು ಪೂರಾ ಓದಿ, “ಗಟ್ಟಿ ಮಾಲು ಕಣೇ, ತಗೋಬೌದು” ಅಂದರು. ಬಾಗಿಲ ಹತ್ತಿರ ನಿಂತಿದ್ದ ಇಂಚರಳನ್ನು ಅವರೂ ಕೇಳಲಿಲ್ಲ, ಬಿ.ಎಡ್. ಮಾಡಿದ ನಾನೂ ಕೇಳಲಿಲ್ಲ. ಕೊಬ್ಬರಿಯನ್ನು ಯಾರು ಕೇಳುತ್ತಾರೆ, ಹೋಗಬೇಕಾ ಬೇಡವಾ ಅಂತ?

ಪೆಟ್ಟಿಗೆ ಬಂತು. ಮಗುವನ್ನೇ ಒಳಗೆ ಕೂರಿಸಬಹುದಾದಷ್ಟು ದೊಡ್ಡ ಪೆಟ್ಟಿಗೆ. ಪ್ಲಾಸ್ಟಿಕ್ ಹೊದಿಸಿದ ಕಾರ್ಡುಗಳು, ಒಂದು ಕೈಗನ್ನಡಿ, ಒಂದು ಮರಳು ಗಡಿಯಾರ. ತಳದಲ್ಲಿ ಚಂದದ ಬಟ್ಟೆಯ ಚೀಲ, ಅದಕ್ಕೊಂದು ಚೀಟಿ: ‘ಸ್ಪರ್ಶಾನುಭವಕ್ಕಾಗಿ ನೈಸರ್ಗಿಕ ನಾರು. ನಿಮ್ಮ ಮಗುವನ್ನು ಪ್ರಕೃತಿಯೊಂದಿಗೆ ಬೆಸೆಯಿರಿ.’ ಬಿಚ್ಚಿದರೆ ತೆಂಗಿನ ನಾರು! ಊರ ಸುತ್ತ ಗುಡ್ಡೆ ಗುಡ್ಡೆ ಬಿದ್ದಿರುವ ನಾರು, ಸೆಂಟು ಹೊಡೆಸಿಕೊಂಡು ಮೆರವಣಿಗೆಯಲ್ಲಿ ವಾಪಸು ಬಂದಿತ್ತು. ಅತ್ತೆ ಅದನ್ನು ಮೂಸಿ ನೋಡಿ, “ಏನೇ ಇದು, ಪಾತ್ರೆ ಉಜ್ಜೋಕಾ?” ಅಂದವರೇ ಬಚ್ಚಲಿಗೆ ಎತ್ತಿಕೊಂಡು ಹೋದರು. ಆ ಪೆಟ್ಟಿಗೆಯಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಕನ್ನಡಿಯ ಕತೆಗೆ ಮಾತ್ರ ನಗಲಾರೆ. ಅದು ‘ಧೈರ್ಯವಾಗಿ ಮಾತಾಡು’ ಎಂಬ ಪಾಠದ್ದು. ಮಗು ದಿನಾ ಕನ್ನಡಿ ನೋಡಿಕೊಂಡು, ಮರಳು ಇಳಿಯುವವರೆಗೆ ತನ್ನ ಬಗ್ಗೆ ಮಾತಾಡಬೇಕು, ತಾಯಿ ಅದನ್ನು ಫೋನಿನಲ್ಲಿ ಹಿಡಿದು ಕಂಪನಿಗೆ ಕಳಿಸಬೇಕು. ಕನ್ನಡಿ ಕೈಗೆ ಕೊಟ್ಟು ಅವಳನ್ನು ಕೂರಿಸಿದೆ. ಅವಳ ದವಡೆ ಬಿಗಿಯಿತು, ಕತ್ತಿನ ನರ ಎದ್ದಿತು, ಒಂದು ಅಕ್ಷರವೂ ಹೊರಡಲಿಲ್ಲ. ಮರಳು ಪೂರಾ ಇಳಿಯಿತು. ಅವಳು ಕನ್ನಡಿಯನ್ನು ಮೆಲ್ಲಗೆ ಬೋರಲು ಹಾಕಿ ಎದ್ದು ಹೋದಳು. ನಾನು ಕಳಿಸಿದ ಆ ವಿಡಿಯೋಗೆ ಸಂಜೆ ಕಂಪನಿಯಿಂದ ಸಂದೇಶ: ‘ಶಭಾಷ್! ಇಂದಿನ ಗುರಿ ಮುಟ್ಟಿದಿರಿ!’ ಫೋನನ್ನು ಬಾವಿಗೆ ಎಸೆಯಬೇಕು ಅನ್ನಿಸಿತು. ಕೈಲಾಗದ ಸಿಟ್ಟಿಗೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಆಮೇಲೆ ಕೊಬ್ಬರಿ ಒಡೆಯುವ ಕಾಲ ಬಂತು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ, ಹೊರಗಿನ ನಾರಿನ ಮಟ್ಟೆ ಸುಲಿದು, ಚಿಪ್ಪನ್ನು ಮಚ್ಚಿನಲ್ಲಿ ಹುಷಾರಾಗಿ ಕುಟ್ಟಿ ಉಂಡೆ ಕೊಬ್ಬರಿ ಬಿಡಿಸುವ ಕೆಲಸ. ನಮ್ಮಲ್ಲಿ ಅದು ಮುಯ್ಯಾಳಿನ ಕೆಲಸ: ಅಕ್ಕಪಕ್ಕದ ಮನೆಯ ಹೆಂಗಸರು ನಮ್ಮ ಮನೆಗೆ ಬರುತ್ತಾರೆ, ಆಮೇಲೆ ನಾವು ಅವರ ಮನೆಗೆ ಹೋಗುತ್ತೇವೆ. ಒಂದು ಮಧ್ಯಾಹ್ನ ಅವರಿಗೆ ಕಾಫಿ ತೆಗೆದುಕೊಂಡು ಕೊಬ್ಬರಿ ಮನೆಯ ಬಾಗಿಲಿಗೆ ಹೋದೆ. ಒಳಗೆ ಟಕ ಟಕ ಎಂದು ಕಿವಿ ಗಡಚಿಕ್ಕುವ ಸದ್ದು. ಸದ್ದಿನ ಅಡಿಯಲ್ಲಿ ಒಂದು ದನಿ ಕೇಳಿತು. ಹೆಜ್ಜೆ ಅಲ್ಲೇ ನಿಂತಿತು.

ಇಂಚರ ಓದುತ್ತಿದ್ದಳು. ನನ್ನ ಕನ್ನಡಿಯಿಂದ ತಪ್ಪಿಸಿಕೊಂಡು ಬಂದು, ಪಕ್ಕದ ಮನೆ ಹುಡುಗಿಯ ಸರ್ಕಾರಿ ಶಾಲೆಯ ಸಮಾಜ ಪುಸ್ತಕ ಹಿಡಿದು, ಮಟ್ಟೆ ರಾಶಿಗೆ ಒರಗಿ ಗಟ್ಟಿಯಾಗಿ ಓದುತ್ತಿದ್ದಳು. ಆ ಗಲಾಟೆಯಲ್ಲಿ ತನಗೇ ತನ್ನ ದನಿ ಕೇಳಿಸದೆ ಮಾತು ಸಲೀಸಾಗಿ ಹರಿಯುತ್ತಿತ್ತು. ಒಬ್ಬಾಕೆ ಬೆರಗಾಗಿ ಮಚ್ಚು ನಿಲ್ಲಿಸಿದಳು. ಇವಳ ದನಿಯೂ ತೊಡರಿತು. ಪಕ್ಕದ ಮನೆಯ ಗಂಗಮ್ಮಕ್ಕ ಗದರಿದರು: “ಕೈ ನಿಲ್ಲಿಸ್ಬ್ಯಾಡ್ವೇ ಲೇ! ನೀನು ಓದು ಮಗ, ನಾವೇನು ಕೇಳ್ತಿಲ್ಲ ಬುಡು.” ಮತ್ತೆ ಟಕ ಟಕ, ಮತ್ತೆ ಓದು.

ಬಾಗಿಲ ಸಂದಿಯಿಂದ ಇಣುಕಿದೆ. ಅವತ್ತಿನ ಕಾಯಿ ಆಗಲೇ ಮುಗಿದಿತ್ತು. ಕೊಬ್ಬರಿಯೆಲ್ಲ ಮಂಕರಿ ಬುಟ್ಟಿ ಸೇರಿತ್ತು. ಆ ಹೆಂಗಸರೆಲ್ಲ ಮುಖ ತಗ್ಗಿಸಿಕೊಂಡು, ಬಹಳ ಕೆಲಸವಿರುವವರ ಹಾಗೆ, ಬರೀ ಖಾಲಿ ಚಿಪ್ಪು ಕುಟ್ಟುತ್ತಿದ್ದರು. ಪಾಠ ಮುಗಿಯುವವರೆಗೂ ಕುಟ್ಟಿದರು. ನನ್ನ ಕೈಯಲ್ಲಿ ಕಾಫಿ ತಣ್ಣಗಾಯಿತು.

ಪೆಟ್ಟಿಗೆ ಮೂಲೆ ಸೇರಿತು, ವೇಳಾಪಟ್ಟಿ ಒಲೆ ಸೇರಿತು. ಮುಯ್ಯಾಳು ಯಾವ ಮನೆಗೋ ಅವಳ ಓದೂ ಆ ಮನೆಗೆ. ಅರ್ಥವಾಗದ್ದನ್ನು ಮಾತ್ರ ನನ್ನ ಹತ್ತಿರ ತರುತ್ತಿದ್ದಳು, ಮೊದಮೊದಲು ಬೆರಳಿಟ್ಟು ತೋರಿಸಿ, ಆಮೇಲಾಮೇಲೆ ಬಾಯಿಬಿಟ್ಟು. ಹೆಂಗಸರು ಕ್ರಮೇಣ ಸದ್ದು ಕಡಿಮೆ ಮಾಡುತ್ತ ಬಂದರು. ಬೇಕೆಂದೇ ಮಾಡಿದರೋ, ಕೈ ಸೋತು ಮಾಡಿದರೋ, ನಾನು ಕೇಳಲಿಲ್ಲ. ಜೂನಿಗೆ ಹಾಸ್ಟೆಲ್ಲಿನ ಸುದ್ದಿ ಯಾರೂ ಎತ್ತಲಿಲ್ಲ, ನಮ್ಮೂರ ಹೈಸ್ಕೂಲಿಗೆ ಎಂಟಕ್ಕೆ ಸೇರಿದಳು. ಈಗ ಒಂಬತ್ತು.

ಉಗ್ಗು ಹೋಯಿತೇ ಎಂದು ಕೇಳುತ್ತೀರಿ. ಇಲ್ಲ. ಈಗ ತಾನೇ, ಸಂಜೆ, ಶಾಲೆಯಿಂದ ಬಂದವಳು ಅಡುಗೆಮನೆಯಲ್ಲಿ ಕೂತಿದ್ದಳು. “ಏನ್ ಹೇಳಿಕೊಟ್ರೇ ಇವತ್ತು?” ಎಂದು ಅತ್ತೆ ಕೇಳಿದರು. ಉತ್ತರ ಅರ್ಧಕ್ಕೆ ತಡೆಯಿತು. ಅತ್ತೆ ತಾವೇ ಪೂರೈಸಲು ಬಾಯಿ ತೆರೆದರು. ಇಂಚರ ಅಂಗೈ ಎತ್ತಿ ತಡೆದಳು: ಇರು. ಯಾರಿಗೂ ಕಾಯದ ಅತ್ತೆ ಕಾದರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ನಾನೂ ಅಲ್ಲಾಡಲಿಲ್ಲ.

“ವಿ... ವಿಜ್ಞಾನ ಹೇಳಿಕೊಟ್ರು ಅಜ್ಜಿ,” ಅಂದಳು. ಉಸಿರು ತೆಗೆದುಕೊಂಡು ಸೇರಿಸಿದಳು: “ಒಂ... ಒಂಚೂರೂ ಚೆನ್ನಾಗಿರಲಿಲ್ಲ.”

ಅತ್ತೆ ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. “ನಿನ್ ಮಗಳೇ ಕಣೇ,” ಅಂದರು, “ಅನುಮಾನವೇ ಇಲ್ಲ.”